ಎಪ್ಪತ್ತೂವರೆ ಎಂಎಂ ತೂತು

ಮೊದಲೇ ಹೇಳಿಬಿಡುತ್ತೇನೆ, ನಾನು ಟರ್ನರ್ ಅಲ್ಲ. ಲೇತ್ (ಲೋಹ ತಿರುಗಿಸಿ ಕೊರೆಯೋ ಯಂತ್ರ) ಮೇಲೆ ಬುಷ್, ಪಿನ್ನು, ಒಂದೆರಡು ವಾಷರ್ ಮಾಡಿಕೊಂಡವನು, ಅಷ್ಟೆ. ಅಂಥವನು ಎಂಜಿನ್ ಬೋರ್ ಮಾಡೋಕೆ, ಅಂದರೆ ಸವೆದ ಸಿಲಿಂಡರನ್ನು ಒಳಗಿಂದ ದುಂಡಗೆ ಕೊರೆದು ದೊಡ್ಡದು ಮಾಡೋಕೆ, ಕೈಹಾಕಿದ್ದು ಅರ್ಧ ಹಠದಿಂದ, ಅರ್ಧ ಕುತೂಹಲದಿಂದ.

ಗಾಡಿಯ ಎಂಜಿನ್ ಹಳೆಯದು. ಒಂದೇ ಸಿಲಿಂಡರ್, ಗಾಳಿಗೆ ತಣಿಯುವಂಥದ್ದು. 70 ಎಂಎಂ ಬೋರು (ಸಿಲಿಂಡರಿನ ಒಳವ್ಯಾಸ), 90 ಎಂಎಂ ಸ್ಟ್ರೋಕು (ಪಿಸ್ಟನ್ ಓಡೋ ದೂರ), ಲೆಕ್ಕ ಹಾಕಿದರೆ 346 ಸಿಸಿ. ಬ್ಲಾಕ್ ಪೂರ್ತಿ ಬೀಡು ಕಬ್ಬಿಣ, ಒಳಗೆ ಬೇರೆ ಸ್ಲೀವ್ (ಕೊಳವೆಯಂಥ ಒಳಪದರ) ಇಲ್ಲ. ಒಂದು ವರ್ಷದಿಂದ ನೀಲಿ ಹೊಗೆ ಬಿಡುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಕಿಕ್ ಹೊಡೆದರೆ ಬೆಣ್ಣೆ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯುತ್ತಿತ್ತು.

ಹೆಡ್ಡು ಬಿಚ್ಚಿ ಒಳಗೆ ಬೆರಳಾಡಿಸಿದೆ. ಮೇಲ್ಗಡೆ, ಅಂಚಿನಿಂದ ಒಂದಿಷ್ಟು ಕೆಳಗೆ, ಉಗುರಿಗೆ ತಗಲುವಂಥ ಮೆಟ್ಟಿಲು. ಪಿಸ್ಟನ್ ಸುತ್ತ ಇರೋ ಮೇಲಿನ ರಿಂಗು ಅಲ್ಲಿವರೆಗೆ ಬಂದು ವಾಪಸ್ ಹೋಗುತ್ತದೆ. ಅದರ ಮೇಲಿನ ಭಾಗ ಸವೆಯುವುದೇ ಇಲ್ಲ, ಕೆಳಗಿನದು ಸವೆಯುತ್ತದೆ. ಉಗುರಿಗೆ ಮೆಟ್ಟಿಲು ಸಿಕ್ಕಿತು ಅಂದರೆ ಬೋರ್ ಹೋಗಿದೆ ಅಂತಲೇ ಲೆಕ್ಕ. ಎಷ್ಟು ಹೋಗಿದೆ ಅನ್ನೋದು ಮಾತ್ರ ಉಗುರಿಗೆ ಗೊತ್ತಾಗಲ್ಲ.

ಆಗ ನನ್ನ ಹತ್ತಿರ ಬೋರ್ ಗೇಜ್ ಇರಲಿಲ್ಲ. ಇದ್ದದ್ದು ಸಂದು ಅಳೆಯೋ ತೆಳು ತಗಡುಗಳ ಒಂದು ಫೀಲರ್ ಗೇಜು, ಒಂದು ಹೊಸ ಸ್ಟ್ಯಾಂಡರ್ಡ್ ರಿಂಗು. ಅಷ್ಟರಿಂದಲೇ ಅಂದಾಜು ಸಿಗುತ್ತದೆ. ರಿಂಗನ್ನು ಬೋರಿನ ತೀರಾ ಕೆಳಗೆ, ಸವೆಯದ ಜಾಗದಲ್ಲಿ ಕೂರಿಸಿ, ಪಿಸ್ಟನ್ನಿನ ತಲೆಯಿಂದ ತಳ್ಳಿ ಸಮ ಮಾಡಿ, ಬಾಯಿಯ ಸಂದು ಅಳೆದೆ. 0.30 ಎಂಎಂ ಬಂತು. ಅದೇ ರಿಂಗನ್ನು ಮೆಟ್ಟಿಲಿನ ಕೆಳಗೆ ಇಟ್ಟಾಗ 0.95. ವ್ಯತ್ಯಾಸ 0.65. ಸಂದು ಬೆಳೆಯುವುದು ಸುತ್ತಳತೆಯ ಲೆಕ್ಕದಲ್ಲಿ. ಹಾಗಾಗಿ 3.14ರಿಂದ ಭಾಗಿಸಿದರೆ ವ್ಯಾಸದ ಲೆಕ್ಕ ಸಿಗುತ್ತದೆ: 0.21. ಅಂದರೆ ಮೇಲ್ಗಡೆ ಸರಾಸರಿ ಕಾಲು ಎಂಎಂಗೆ ಸ್ವಲ್ಪ ಕಮ್ಮಿ ಸವೆದಿದೆ.

ಸರಾಸರಿ ಅನ್ನೋ ಮಾತು ಇಲ್ಲಿ ಮೋಸ ಮಾಡುತ್ತದೆ. ಕಾಲು ಎಂಎಂ ಓವರ್‌ಸೈಜ್ (ಮೂಲಕ್ಕಿಂತ ಅಷ್ಟು ದಪ್ಪದ) ಪಿಸ್ಟನ್ ಸಾಕು ಅಂತ ಖುಷಿಯಲ್ಲಿದ್ದೆ. ಪರಿಚಯದ ಒಬ್ಬ ಹಿರಿಯ ಟರ್ನರ್ ಇದ್ದಾರೆ, ಕೆಲಸ ಬಿಟ್ಟು ವರ್ಷಗಳಾಗಿವೆ, ಹತ್ಯಾರ ಮಾತ್ರ ಬಿಟ್ಟಿಲ್ಲ. ಅವರ ಹತ್ತಿರ ಟೆಲಿಸ್ಕೋಪಿಕ್ ಗೇಜು ಮತ್ತು 50ರಿಂದ 75ರ ಮೈಕ್ರೋಮೀಟರ್ ಕೇಳೋಕೆ ಹೋದೆ.

"ಸವೆದಿರೋದು ದುಂಡಗಾ, ಮೊಟ್ಟೆ ಥರಾನಾ?" ಅಂತ ಕೇಳಿದರು.

"ಗೊತ್ತಿಲ್ಲ ಸಾರ್."

"ರಿಂಗು ಅದನ್ನ ಹೇಳಲ್ಲಪ್ಪಾ. ಅಡ್ಡ ಒಂದು ಅಳತೆ ತಗೋ, ಉದ್ದ ಒಂದು ತಗೋ. ಆಮೇಲೆ ಪಿಸ್ಟನ್ ತಗೊಳ್ಳೋಕೆ ಹೋಗು."

ಅಳೆದೆ. ಪಿಸ್ಟನ್ ಪಿನ್ನಿನ ಗುಂಟ 70.16, ಪಿನ್ನಿಗೆ ಅಡ್ಡಲಾಗಿ 70.28. ಪಿಸ್ಟನ್ ಗೋಡೆಗೆ ಒತ್ತುವುದು ಆ ಅಡ್ಡ ದಿಕ್ಕಿನಲ್ಲೇ ಅಲ್ವಾ, ಸವೆತ ಅಲ್ಲಿ ಜಾಸ್ತಿ. 70.25ರ ಬೋರ್ ಮಾಡಿದ್ದರೆ ಆ ಪಕ್ಕದಲ್ಲಿ ಟೂಲ್ ಗೋಡೆಯನ್ನೇ ಮುಟ್ಟುತ್ತಿರಲಿಲ್ಲ. ಪಾಯಿಂಟ್ ಐವತ್ತೇ ಬೇಕು. 0.50 ಓವರ್‌ಸೈಜ್ ಪಿಸ್ಟನ್ ತಂದೆ. ಇಲ್ಲಿ ಒಂದು ಕ್ರಮ ಇದೆ: ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ತೂತು. ಪಿಸ್ಟನ್ನಿನ ಸ್ಕರ್ಟನ್ನು ಪಿನ್ನಿಗೆ ಅಡ್ಡವಾಗಿ ಅಳೆದಾಗ 70.43 ಇತ್ತು. ಜೊತೆಗೆ ಬಂದ ಚೀಟಿಯಲ್ಲಿ 0.07 ಸಡಿಲ ಬಿಡಿ ಅಂತಿತ್ತು. ಗುರಿ 70.50. ಎಪ್ಪತ್ತೂವರೆ.

ಟೆಲಿಸ್ಕೋಪಿಕ್ ಗೇಜಿನ ಬಗ್ಗೆ ಒಂದು ಮಾತು. ಅದು ಅಳತೆ ತೋರಿಸಲ್ಲ. ಒಳಗೆ ಹೋಗಿ ಕೈಕಾಲು ಚಾಚಿ ನಿಲ್ಲುತ್ತದೆ, ಹೊರಗೆ ತೆಗೆದು ಮೈಕ್ರೋಮೀಟರ್‌ನಲ್ಲಿ ಹಿಡಿಯಬೇಕು. ಮೊದಲ ದಿನ ಒಂದೇ ಜಾಗವನ್ನು ಐದು ಸಲ ಅಳೆದರೆ ಐದು ಉತ್ತರ, 0.04ರವರೆಗೆ ವ್ಯತ್ಯಾಸ. ಗೇಜನ್ನು ಸ್ವಲ್ಪ ಓರೆ ಇಟ್ಟು, ಲಾಕ್ ಹಗುರವಾಗಿ ಬಿಗಿ ಮಾಡಿ, ಒಂದೇ ಸಲ ನೆಟ್ಟಗೆ ದಾಟಿಸಬೇಕು. ವಾಪಸ್ ಎಳೆಯಬಾರದು. ಎರಡು ಸಂಜೆ ಸುಮ್ನೆ ಅದನ್ನೇ ಮಾಡಿದೆ. ಆಮೇಲೆ ಐದರಲ್ಲಿ ನಾಲ್ಕು ಸಲ 0.01ರ ಒಳಗೆ ಬರತೊಡಗಿತು. ಪಿಸ್ಟನ್ನಿಗೂ ಬೋರಿಗೂ ಒಂದೇ ಮೈಕ್ರೋಮೀಟರ್ ಬಳಸಿದ್ದರಿಂದ ಅದರಲ್ಲೇ ಸಣ್ಣ ತಪ್ಪಿದ್ದರೂ ಎರಡೂ ಕಡೆ ಒಂದೇ ತಪ್ಪು. ನನಗೆ ಬೇಕಿದ್ದದ್ದು ನಡುವಿನ ಸಡಿಲ, ಅದು ಸರಿಯಾಗೇ ಸಿಗುತ್ತದೆ.

ಇನ್ನು ಕೊರೆಯೋದು ಹೇಗೆ? ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ: ಹ್ಯಾಂಡ್ ಡ್ರಿಲ್ಲಿಗೆ ಎಮರಿ ಎಸಳುಗಳ ಫ್ಲಾಪ್ ವೀಲ್ ಸಿಕ್ಕಿಸಿ ಉಜ್ಜೋದು. ಪುಣ್ಯಕ್ಕೆ ಗುಜರಿಯ ಬ್ಲಾಕೊಂದು ಇತ್ತು, ಅದರ ಮೇಲೆ ನೋಡಿದೆ. ಎರಡು ಗಂಟೆ ಉಜ್ಜಿದ ಮೇಲೆ ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಳೆದರೆ ಎರಡೂ ಬಾಯಿ ಗಂಟೆಯ ಹಾಗೆ ಅರಳಿದ್ದವು, ನಡುವೆ ಇಕ್ಕಟ್ಟು. ಮೊಟ್ಟೆ ಆಕಾರ ಎಳ್ಳಷ್ಟೂ ಕಮ್ಮಿ ಆಗಿರಲಿಲ್ಲ. ಮೆತ್ತಗಿನ ವಸ್ತು ಇರೋ ಗೋಡೆಯನ್ನೇ ಹಿಂಬಾಲಿಸುತ್ತದೆ. ಸೊಟ್ಟ ತೂತನ್ನು ದೊಡ್ಡ ಸೊಟ್ಟ ತೂತು ಮಾಡುತ್ತದೆ. ಹೊಳಪು ನೋಡಿ ಮೋಸ ಹೋಗೋರು ಬಹಳ ಜನ ಇದ್ದಾರೆ, ನಾನೂ ಒಂದರ್ಧ ಗಂಟೆ ಹೋಗಿದ್ದೆ.

ಬೇಕಾದದ್ದು ಗೋಡೆಯ ಮಾತು ಕೇಳದ ಹತ್ಯಾರ. ಗೆಳೆಯನ ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಇದೆ. ಚಕ್ (ಕೆಲಸದ ತುಂಡು ಹಿಡಿಯೋ ಹಿಡಿ) ಹತ್ತಿರ ಬೆಡ್ಡು (ಲೇತಿನ ಉದ್ದದ ಹಳಿ) ಸವೆದಿದೆ, ನಾಚಿಕೆ ಬಿಟ್ಟು ಸವೆದಿದೆ. ಬ್ಲಾಕನ್ನು ಚಕ್ಕಿನಲ್ಲಿ ಹಿಡಿದು ತಿರುಗಿಸಿ ಉದ್ದದ ಟೂಲಿಂದ ಕೊರೆದರೆ ಆ ಬೆಡ್ಡಿನ ಸವೆತವೆಲ್ಲ ಬೋರಿನೊಳಗೆ ಇಳಿಯುತ್ತದೆ. ಅದಕ್ಕೆ ಉಲ್ಟಾ ಮಾಡಿದೆ. ಬ್ಲಾಕ್ ತಿರುಗಲ್ಲ, ಕ್ಯಾರೇಜ್ (ಬೆಡ್ಡಿನ ಮೇಲೆ ಸರಿಯೋ ಭಾಗ) ಮೇಲೆ ಬಿಗಿಯಾಗಿ ಕೂತು ಉದ್ದಕ್ಕೆ ಸರಿಯುತ್ತದೆ. ಎರಡು ಸೆಂಟರ್ (ಎರಡು ತುದಿಯ ಚೂಪು ಆಸರೆ) ನಡುವೆ ಒಂದು ದಪ್ಪ ರಾಡು ಬ್ಲಾಕಿನೊಳಗಿಂದ ಹಾದು ತಿರುಗುತ್ತದೆ. ರಾಡಿನ ನಡುಮಧ್ಯೆ ಅಡ್ಡ ತೂತು, ಅದರಲ್ಲಿ ಟೂಲ್ ಬಿಟ್. ಹಳೆಯ ಕಾಲದ ವಿಧಾನ, ನನ್ನದೇನೂ ಇಲ್ಲ.

ಇದರ ಚೆಂದ ನನಗೆ ತಡವಾಗಿ ಅರ್ಥವಾಯಿತು. ಟೂಲಿನ ತುದಿ ರಾಡಿನ ನಡುವಿನಿಂದ ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ ಕೊನೆವರೆಗೂ ಸುತ್ತುತ್ತದೆ. ರಾಡು ಬಾಗಿದರೂ ಟೂಲ್ ಇರೋ ಜಾಗ ಬದಲಾಗದ ಕಾರಣ ಬಾಗೋದು ಎಲ್ಲ ಕಡೆ ಒಂದೇ ಸಮ. ಟೈಲ್‌ಸ್ಟಾಕ್ (ರಾಡಿನ ಆಚೆ ತುದಿ ಹಿಡಿಯೋ ಭಾಗ) ಒಂದು ಕೂದಲಷ್ಟು ಸರಿದಿದ್ದರೂ ತೂತು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಆಗಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನಾನೇ ಮರೆಯುತ್ತೇನೆ.

ರಾಡು 450 ಎಂಎಂ ಉದ್ದ, ಸೆಂಟರ್‌ಗಳ ನಡುವೆಯೇ ಟರ್ನ್ ಮಾಡಿ 38.00ಕ್ಕೆ ತಂದದ್ದು. ಟೂಲಿನ ಒಂದು ಪಕ್ಕ ಬ್ಲಾಕ್ ಪೂರ್ತಿ ನಿಂತು, ಇನ್ನೊಂದು ಪಕ್ಕಕ್ಕೆ ಪೂರ್ತಿ ದಾಟಬೇಕಲ್ಲ, ಅದಕ್ಕೇ ಇಷ್ಟುದ್ದ. ಇನ್ನೊಮ್ಮೆ ಮಾಡಿದರೆ 50ರ ರಾಡು ಹಾಕುತ್ತೇನೆ. ಅಷ್ಟು ದಪ್ಪ ಮಾಡಿದರೆ ಬಾಗೋದು ಮೂರನೇ ಒಂದಕ್ಕೆ ಇಳಿಯುತ್ತದೆ.

ಬ್ಲಾಕ್ ಕೂರಿಸೋ ಎಲ್ ಆಕಾರದ ಪ್ಲೇಟು ಮಾಡೋಕೆ ಮೂರು ದಿನ ಹಿಡಿಯಿತು. 20 ಎಂಎಂ ದಪ್ಪದ ಎರಡು ತುಂಡು, ಹಿಂದೆ ಆಸರೆಗೆ ಎರಡು ತ್ರಿಕೋನ, ವೆಲ್ಡಿಂಗ್. ವೆಲ್ಡಿಂಗ್ ಎಳೆದು ಮೂಲೆಮಟ್ಟ ತಪ್ಪಿತು, ಅರ ಹಾಕಿ ಸರಿ ಮಾಡಿದೆ. ಕ್ಯಾರೇಜಿನ ಟಾಪ್ ಸ್ಲೈಡ್ ತೆಗೆದು ಪ್ಲೇಟನ್ನು ಅದರ ಕೆಳಗಿನ ಕ್ರಾಸ್ ಸ್ಲೈಡಿಗೆ ಬೋಲ್ಟ್ ಮಾಡಿದೆ. ಬ್ಲಾಕಿನ ಕೆಳಗೆ ಕ್ರ್ಯಾಂಕ್ ಕೇಸಿನೊಳಗೆ ಇಳಿಯೋ ಕೊಳವೆ ಭಾಗ ಇರುತ್ತದಲ್ಲ, ಅದು ಕೂರೋ ತೂತನ್ನು ಪ್ಲೇಟಿನಲ್ಲಿ ಇದೇ ರಾಡಿನಿಂದಲೇ ಕೊರೆದೆ. ಇದಕ್ಕಿಂತ ಒಳ್ಳೆಯ ಕೆಲಸ ನಾನು ಆ ಲೇತ್ ಮೇಲೆ ಮಾಡಿಲ್ಲ. ಎತ್ತರ ಅಳೆಯೋದು, ನಡು ಹುಡುಕೋದು, ಏನೂ ಬೇಡ. ತೂತು ರಾಡಿನ ಸುತ್ತಲೇ ಹುಟ್ಟಿತು. ಬ್ಲಾಕ್ ತಂದು ಅದರಲ್ಲಿ ಕೂರಿಸಿದರೆ ತಾನಾಗೇ ಸೆಂಟರ್.

ಆಮೇಲೆ ಡಯಲ್ ಗೇಜನ್ನು ರಾಡಿಗೇ ಕಟ್ಟಿ, ಕೈಯಲ್ಲಿ ತಿರುಗಿಸುತ್ತಾ ಪ್ಲೇಟಿನ ಮುಖ ನೋಡಿದೆ. ಮೇಲಿಗೂ ಕೆಳಗಿಗೂ 0.10 ವ್ಯತ್ಯಾಸ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಹೆಚ್ಚುಕಮ್ಮಿ ಅಷ್ಟೇ ದಪ್ಪ. ಒಂದು ಪಟ್ಟಿ ಕತ್ತರಿಸಿ ಪ್ಲೇಟಿನ ಕಾಲ ಕೆಳಗೆ ಕೊಟ್ಟೆ. ಮುಳ್ಳು 0.02ರ ಒಳಗೆ ನಿಂತಿತು.

ಬ್ಲಾಕನ್ನು ಎಂಜಿನ್ನಿನಲ್ಲಿ ಇರೋ ಹಾಗೇ ಹಿಡಿಯಬೇಕು. ಇದು ಹಿರಿಯರು ಹೇಳಿದ್ದು, ನಾನು ನಂಬಿರಲಿಲ್ಲ. ಸ್ಟಡ್ ತೂತುಗಳಲ್ಲಿ ನಾಲ್ಕು ಥ್ರೆಡ್ ರಾಡು, ಹೆಡ್ಡಿನ ಬದಲು ನಡುವೆ ತೂತಿರೋ ದಪ್ಪ ಪ್ಲೇಟು. ಮೊದಲು ಕೈಬಿಗಿಯಲ್ಲಿ ಅಳೆದೆ, ಆಮೇಲೆ ಹೆಡ್ ಬೋಲ್ಟಿನ ಟಾರ್ಕಿಗೇ ಬಿಗಿ ಮಾಡಿ ಅದೇ ಜಾಗ ಅಳೆದೆ. 0.02 ಬದಲಾಗಿತ್ತು. ಬೀಡು ಕಬ್ಬಿಣ ಹಿಂಡಿದರೆ ಹಿಂಡುತ್ತದೆ! ಸಡಿಲ ಇರುವಾಗ ದುಂಡಗೆ ಕೊರೆದು, ಎಂಜಿನ್ನಿಗೆ ಹಾಕಿ ಬಿಗಿ ಮಾಡಿದರೆ ಮತ್ತೆ ಸೊಟ್ಟ.

ಟೂಲ್ ಹೊಂದಿಸೋದು ಹೇಗೆ ಅನ್ನೋದು ದೊಡ್ಡ ತಲೆನೋವು ಆಗುತ್ತೆ ಅಂದುಕೊಂಡಿದ್ದೆ. ಬಿಟ್ಟಿನ ಹಿಂದೆ 6 ಎಂಎಂ ತಲೆಯಿಲ್ಲದ ಗ್ರಬ್ ಸ್ಕ್ರೂ ಇದೆ, ಅದು ಒಂದು ಸುತ್ತಿಗೆ 1 ಎಂಎಂ ತಳ್ಳುತ್ತದೆ. ಆದರೆ ವ್ಯಾಸದಲ್ಲಿ ಅದು 2 ಎಂಎಂ. ಕಣ್ಣಳತೆಯಲ್ಲಿ ಸ್ಕ್ರೂ ತಿರುಗಿಸಿ 0.05 ಹಿಡಿಯೋದು ಆಗದ ಮಾತು. ಅದರ ಬದಲು ಮೈಕ್ರೋಮೀಟರನ್ನು ನೇರ ಟೂಲಿನ ತುದಿಗೂ ರಾಡಿನ ಬೆನ್ನಿಗೂ ಹಿಡಿದೆ. ರಾಡಿನ ಅರ್ಧ 19.00. 70.25ರ ಬೋರ್ ಬೇಕಾದರೆ ತ್ರಿಜ್ಯ 35.125. ಎರಡೂ ಸೇರಿ 54.125. ಮೈಕ್ರೋಮೀಟರ್ ಆ ಅಂಕೆ ತೋರಿಸೋವರೆಗೆ ಸ್ಕ್ರೂ ಮೆಲ್ಲಗೆ ತಿರುಗಿಸೋದು, ಪಕ್ಕದ ಸ್ಕ್ರೂ ಬಿಗಿ ಮಾಡೋದು, ಮತ್ತೆ ನೋಡೋದು. ಬಿಗಿ ಮಾಡುವಾಗ ಬಿಟ್ ಪ್ರತಿ ಸಲ ಒಂದು ಚೂರು ಜರುಗುತ್ತದೆ, ಅದೊಂದು ಪೀಡೆ.

ಗುಜರಿ ಬ್ಲಾಕಿನ ಮೇಲೆ ಮೊದಲ ಕೊರೆತ. ಕಿರ್ರೋ ಅಂತ ಹಲ್ಲು ಜುಮ್ಮೆನ್ನಿಸೋ ಸದ್ದು. ಬ್ಯಾಟರಿ ಬಿಟ್ಟು ನೋಡಿದರೆ ಒಳಗೆಲ್ಲ ಮರಳಿನ ಮೇಲೆ ನೀರು ಬಿಟ್ಟುಹೋದ ಹಾಗೆ ಅಲೆ. ಟೂಲಿನ ಮೂಗು ತೀರಾ ದುಂಡಗೆ ಉಜ್ಜಿದ್ದೆ, ಅದು ಕತ್ತರಿಸದೆ ಒತ್ತುತ್ತಿತ್ತು. ಮೂಗನ್ನು ಸಣ್ಣ ಮಾಡಿ, ಎಣ್ಣೆಕಲ್ಲಿನ ಮೇಲೆ ಅಂಚು ತೀಡಿ, ಕ್ರಾಸ್ ಸ್ಲೈಡಿನ ಗಿಬ್ (ಅಲುಗಾಟ ತಡೆಯೋ ಪಟ್ಟಿ) ಬಿಗಿ ಮಾಡಿದ ಮೇಲೆ ಸದ್ದು ಬದಲಾಯಿತು. ಸರಿಯಾದ ಕೊರೆತದ ಸದ್ದು ಒಣ ಎಲೆ ಮೇಲೆ ಯಾರೋ ದೂರದಲ್ಲಿ ನಡೆದ ಹಾಗೆ ಇರುತ್ತದೆ.

ವೇಗದ ಲೆಕ್ಕ ಸುಲಭ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ ಬೀಡಿನ ಮೇಲೆ ನಿಮಿಷಕ್ಕೆ ಸುಮಾರು 20 ಮೀಟರ್ ಸಾಕು. 70 ಎಂಎಂ ವ್ಯಾಸಕ್ಕೆ ಅದು ನಿಮಿಷಕ್ಕೆ 90 ಸುತ್ತು. ಎಣ್ಣೆ ನೀರು ಏನೂ ಬೇಡ, ಬೀಡನ್ನು ಒಣಗೇ ಕೊರೆಯೋದು. ಸುರುಳಿ ಬರಲ್ಲ, ಕಪ್ಪು ಪುಡಿ ಬೀಳುತ್ತದೆ. ಆ ಪುಡಿ ಬೆಡ್ಡಿನ ಎಣ್ಣೆಗೆ ಸೇರಿದರೆ ಉಜ್ಜೋ ಪೇಸ್ಟೇ ಸರಿ. ಬೆಡ್ಡಿನ ಮೇಲೆ ಹಳೆಯ ಪೇಪರ್ ಹಾಸಿದೆ. ಪ್ಲಾಸ್ಟಿಕ್ ಚೀಲದೊಳಗೆ ಅಯಸ್ಕಾಂತ ಇಟ್ಟು ಪುಡಿ ಎತ್ತಿದೆ. ಚೀಲ ಮಗುಚಿದರೆ ಪುಡಿ ಅದರೊಳಗೇ ಉಳಿಯುತ್ತದೆ.

ನಿಜವಾದ ಬ್ಲಾಕ್. ಮೊದಲ ಕೊರೆತ 70.25ಕ್ಕೆ. ಕೈಯಿಂದ ಅಲ್ಲ, ಆಟೋ ಫೀಡ್ (ಯಂತ್ರವೇ ಸರಿಸೋದು), ಒಂದು ಸುತ್ತಿಗೆ 0.1 ಎಂಎಂ. ಹದಿಮೂರು ಹದಿನಾಲ್ಕು ನಿಮಿಷ. ಮುಗಿದ ಮೇಲೆ ಬ್ಯಾಟರಿ ಬಿಟ್ಟೆ. ಪೂರ್ತಿ ಬೂದು ಬಣ್ಣದ ಹೊಸ ಗೋಡೆ. ಮೇಲ್ಗಡೆ ಒಂದು ಪಕ್ಕದಲ್ಲಿ ಮಾತ್ರ ಬಿದಿಗೆ ಚಂದ್ರನ ಹಾಗೆ ಒಂದು ತೆಳು ಹಳೆಯ ಹೊಳಪು ಹಾಗೇ ಉಳಿದಿತ್ತು. ಟೂಲ್ ಅಲ್ಲಿ ಗಾಳಿಯಲ್ಲಿ ಸುತ್ತಿತ್ತು. 70.28 ಅಂತ ಬರೆದುಕೊಂಡಿದ್ದೆನಲ್ಲ, ಅದೇ ಜಾಗ. ನನ್ನ ಅಳತೆ ಸರಿ ಇತ್ತು ಅಂತ ಕಣ್ಣಿಗೆ ಕಂಡದ್ದು ಅದೇ ಮೊದಲು. ಕಾಗದದ ಮೇಲಿನ ಅಂಕೆ ಕಬ್ಬಿಣದ ಮೇಲೆ ಚಂದ್ರನಾಗಿ ಕೂತಿತ್ತು. ಗೆಳೆಯನನ್ನು ಕರೆದು ತೋರಿಸಿದೆ. ಅವನು "ಸರಿ, ಮುಂದಿಂದು ಮಾಡು" ಅಂದ.

ಎರಡನೇ ಕೊರೆತ 70.40ಕ್ಕೆ. ಚಂದ್ರ ಹೋಯಿತು. ಅಲ್ಲಿಗೆ ನಿಲ್ಲಿಸಿದೆ, ಮರುದಿನದವರೆಗೆ ಮುಟ್ಟಲಿಲ್ಲ. ಕೊರೆದಾಗ ಬ್ಲಾಕ್ ಬಿಸಿಯಾಗುತ್ತದೆ. 70 ಎಂಎಂ ಬೀಡು 20 ಡಿಗ್ರಿ ಬಿಸಿಯಾದರೆ 0.015ರಷ್ಟು ಹಿಗ್ಗುತ್ತದೆ. ನಾನು ನೂರರಲ್ಲೊಂದು ಎಂಎಂ ಹುಡುಕುತ್ತಾ ಕೂತಿರುವಾಗ ಅದು ಸಣ್ಣ ಮಾತಲ್ಲ.

ಕೊನೆಯ ಕೊರೆತ 70.45ಕ್ಕೆ, ಉಳಿದ 0.05 ಹೋನಿಂಗಿಗೆ, ಅಂದರೆ ಕಲ್ಲಿನಿಂದ ಉಜ್ಜಿ ಮುಗಿಸೋದಕ್ಕೆ. ಫೀಡ್ ಅರ್ಧ ಮಾಡಿದೆ, ಅಂದರೆ ಅರ್ಧ ಗಂಟೆ ಹತ್ತಿರ ಹತ್ತಿರ. ನಡುವೆ ನಿಲ್ಲಿಸಿದರೆ ನಿಂತ ಜಾಗದಲ್ಲಿ ಒಂದು ಗೆರೆ ಬೀಳುತ್ತದೆ. ಲೇತ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಫೋನ್ ಎರಡು ಸಲ ಬಡಿಯಿತು, ತೆಗೆಯಲಿಲ್ಲ.

ತಣ್ಣಗಾದ ಮೇಲೆ ಅಳೆದೆ. ಶುರುವಿನಲ್ಲಿ 70.45. ಕೊನೆಯಲ್ಲಿ 70.43.

ಜೀವ ಹೋದ ಹಾಗಾಯಿತು. ಟೇಪರ್, ಒಂದು ತುದಿ ದಪ್ಪ ಇನ್ನೊಂದು ಸಣ್ಣ. ಹಾಳಾದ ಬೆಡ್ಡು ಅಂತ ಬೈದುಕೊಂಡು ಟೈಲ್‌ಸ್ಟಾಕ್ ಬಿಚ್ಚಿ, ಡಯಲ್ ಗೇಜ್ ಕಟ್ಟಿ, ಒಂದು ಗಂಟೆ ಏನೇನೋ ನೋಡಿದೆ. ಆಮೇಲೆ ತಲೆಗೆ ಹೊಳೆಯಿತು. ಈ ವ್ಯವಸ್ಥೆಯಲ್ಲಿ ಬೆಡ್ಡು ಟೇಪರ್ ಕೊಡೋಕೆ ಸಾಧ್ಯವೇ ಇಲ್ಲ, ಟೂಲಿನ ದೂರ ಬದಲಾದರೆ ಮಾತ್ರ ಸಾಧ್ಯ. ಸ್ಕ್ರೂ ಬಿಗಿಯಾಗೇ ಇತ್ತು. ಮೈಕ್ರೋಮೀಟರನ್ನು ಮತ್ತೆ ಟೂಲಿನ ತುದಿಗೆ ಹಿಡಿದೆ: 54.225 ಇಟ್ಟದ್ದು 54.215 ಆಗಿತ್ತು. ತುದಿಯೇ ಸವೆದಿತ್ತು. ತುದಿಯಲ್ಲಿ 0.01 ಹೋದರೆ ವ್ಯಾಸದಲ್ಲಿ 0.02, ಲೆಕ್ಕ ಚೊಕ್ಕ. ಕೊನೆಯ ಕೊರೆತಕ್ಕೆ ಮೊದಲು ಬಿಟ್ ಹೊಸದಾಗಿ ಮಸೆಯಬೇಕಿತ್ತು, ಸೋಮಾರಿತನ ಮಾಡಿದ್ದೆ.

ಮತ್ತೆ ಕೊರೆದರೆ ಹೋನಿಂಗಿಗೆ ಏನೂ ಉಳಿಯಲ್ಲ. ಆ 0.02 ಅನ್ನು ಹೋನಿಂಗಿನಲ್ಲೇ ತೆಗೆಯಬೇಕು. ಸ್ಪ್ರಿಂಗ್ ಇರೋ ಮೂರು ಕಲ್ಲಿನ ಹೋನ್ ಇದಕ್ಕೆ ಆಗಲ್ಲ, ಅದೂ ಫ್ಲಾಪ್ ವೀಲಿನ ತಮ್ಮನೇ. ಗಟ್ಟಿ ಮರದ ಗುಂಡು ಒಂದನ್ನು ಬೋರಿಗಿಂತ ಸ್ವಲ್ಪ ಸಣ್ಣದಾಗಿ ಟರ್ನ್ ಮಾಡಿ, ಉದ್ದಕ್ಕೆ ಅರ್ಧ ಸೀಳಿ, ಸೀಳಿನಲ್ಲಿ ಸ್ಕ್ರೂ ಬಿಗಿದರೆ ಒಳಸೇರೋ ಹಾಗೆ ಬೆಣೆ ಇಟ್ಟೆ. ಎರಡು ಪಕ್ಕ ತೋಡು ಕೊರೆದು 220 ಗ್ರಿಟ್ಟಿನ ಕಲ್ಲು ಅಂಟಿಸಿದೆ. ನೋಡೋಕೆ ಅಡುಗೆಮನೆ ಸಾಮಾನಿನ ಹಾಗಿತ್ತು. ಆದರೆ ಗಟ್ಟಿ. ಬೆಣೆ ಎಷ್ಟು ತೆರೆದಿದೆಯೋ ಅಷ್ಟೇ ಅಗಲ, ಸಣ್ಣ ಜಾಗ ಸಿಕ್ಕಿದರೆ ಅಲ್ಲಿ ತಡೆಯುತ್ತದೆ, ದೊಡ್ಡ ಜಾಗದಲ್ಲಿ ಸುಮ್ನೆ ತಿರುಗುತ್ತದೆ. ಇಕ್ಕಟ್ಟಿನ ತುದಿ ಕೈಗೇ ಗೊತ್ತಾಗುತ್ತಿತ್ತು.

ಸೀಮೆಎಣ್ಣೆ ಸುರಿಯುತ್ತಾ, ಡ್ರಿಲ್ಲನ್ನು ಕಮ್ಮಿ ಗೇರಿನಲ್ಲಿ ನಿಮಿಷಕ್ಕೆ 150 ಸುತ್ತಿಗೆ ಇಳಿಸಿ, ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ. ಈ ಎರಡೂ ಸೇರಿದರೆ ಗೆರೆಗಳು 45 ಡಿಗ್ರಿ ಹತ್ತಿರ ಒಂದನ್ನೊಂದು ದಾಟುತ್ತವೆ. ಎಣ್ಣೆ ನಿಲ್ಲೋದು ಆ ಗೆರೆಗಳಲ್ಲೇ. ಡ್ರಿಲ್ ಜೋರು ಬಿಟ್ಟರೆ ಗೆರೆ ಮಲಗಿಬಿಡುತ್ತದೆ, ಕೈ ಅಷ್ಟು ವೇಗ ಓಡಲ್ಲ. ಹತ್ತು ಸಲ ಆಡಿಸೋದು, ಒರೆಸೋದು, ಅಳೆಯೋದು. ನಾಲ್ಕು ಗಂಟೆ. ಕೊನೆಗೆ ಮೇಲೆ 70.50, ನಡುವೆ 70.50, ಕೆಳಗೆ 70.495 ಇರಬಹುದು, ಅಲ್ಲಿಗೆ ನನ್ನ ಕೈಯ ಅಳತೆ ಮುಗಿಯುತ್ತದೆ.

ತೊಳೆಯೋದರಲ್ಲಿ ಬಹಳ ಜನ ಎಡವುತ್ತಾರೆ. ಪೆಟ್ರೋಲಿನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ, ಕಲ್ಲಿನ ಪುಡಿ ಗೆರೆಗಳಲ್ಲೇ ಕೂತಿರುತ್ತದೆ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಬ್ರಷ್ಷು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬರಬಾರದು. ನನಗೆ ಏಳು ಸಲ ಬೂದು ಬಂತು. ಎಂಟನೇ ಸಲ ಬಿಳಿಯಾಗೇ ಉಳಿಯಿತು. ತಕ್ಷಣ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಹತ್ತು ನಿಮಿಷದಲ್ಲೇ ತುಕ್ಕಿನ ಬಣ್ಣ ತೋರಿಸುತ್ತದೆ.

ಹೊಸ ರಿಂಗಿನ ಸಂದು 0.25 ಇತ್ತು, ಸಣ್ಣ ಅರದಲ್ಲಿ ಉಜ್ಜಿ 0.30 ಮಾಡಿದೆ. ಸಿಲಿಂಡರಿನ ಕೆಳಬಾಯಿಯ ಅಂಚು ಬ್ಲೇಡಿನ ಹಾಗಿತ್ತು, ಅದನ್ನೂ ಸ್ವಲ್ಪ ಮುರಿದೆ. ಇಲ್ಲದಿದ್ದರೆ ಒಳಹಾಕುವಾಗ ರಿಂಗು ತುಂಡಾಗುತ್ತದೆ.

ಕಿಕ್ ಹೊಡೆದರೆ ಈ ಸಲ ಕಾಲು ನಿಂತಿತು. ಪೂರ್ತಿ ಮೈಭಾರ ಹಾಕಬೇಕಾಯಿತು. ಮೂರನೇ ಕಿಕ್ಕಿಗೆ ಎದ್ದಿತು. ಎರಡು ನಿಮಿಷ ಬಿಳಿ ಹೊಗೆ, ಜೋಡಿಸುವಾಗ ಹಚ್ಚಿದ ಎಣ್ಣೆ ಉರಿದದ್ದು, ಆಮೇಲೆ ಏನೂ ಇಲ್ಲ. ಐಡಲ್‌ನಲ್ಲಿ ನಿಲ್ಲಿಸದೆ ರಸ್ತೆಗಿಳಿಸಿದೆ. ಹೊಸ ರಿಂಗು ಗೋಡೆಗೆ ಕೂರಬೇಕಾದರೆ ಒತ್ತಡ ಬೇಕು, ಹಗುರವಾಗಿ ಏರಿಸಿ ಇಳಿಸಿ ಓಡಿಸಿದೆ. 100 ಕಿಲೋಮೀಟರಿಗೆ ಎಣ್ಣೆ ಬದಲಾಯಿಸಿದಾಗ ತಳದಲ್ಲಿ ತೆಳ್ಳಗೆ ಬೂದು ಕೆಸರು. 500ಕ್ಕೆ ಮತ್ತೆ ಬದಲಾಯಿಸಿದಾಗ ಅದೂ ಇಲ್ಲ.

ಮೈಕ್ರೋಮೀಟರ್ ವಾಪಸ್ ಕೊಡೋಕೆ ಗಾಡಿಯಲ್ಲೇ ಹೋದೆ. ಹಿರಿಯರು ಹೊರಗೆ ಬಂದು, ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದು, ಮೂಸಿ ನೋಡಿದರು.

"ಟೇಪರ್ ಎಷ್ಟು ಬಂತು?"

"ಪಾಯಿಂಟ್ ಸೊನ್ನೆ ಎರಡು ಬಂದಿತ್ತು ಸಾರ್. ಹೋನಿಂಗಲ್ಲಿ ತೆಗೆದೆ."

"ಬಿಟ್ ಮಸೀಲಿಲ್ಲ ಅಲ್ವಾ?" ಅಂದರು. ಡಬ್ಬಿ ತೆಗೆದು ಮೈಕ್ರೋಮೀಟರ್ ಸೊನ್ನೆಗೆ ಬರುತ್ತಾ ಅಂತ ನೋಡಿಕೊಂಡು ಒಳಗೆ ಹೋದರು.